ತೊಲೆಯ ಸಂದಿಯಲ್ಲಿ ಉಳಿದ ಕಾಗದ

ಪ್ಲೇಗಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ನನಗೆ ಆಗ ಒಂಬತ್ತು ವರ್ಷ. ಈಗ ಎಂಬತ್ತರ ಹತ್ತಿರ ಇದ್ದೇನೆ. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೇ ಮರೆತು ಹೋಗುತ್ತದೆ, ಆದರೆ ಇದೊಂದು ಮರೆತಿಲ್ಲ.

ನಾವಿದ್ದದ್ದು ಮೊಳಕಾಲ್ಮುರಿನಲ್ಲಿ. ಅಪ್ಪ ಉಪದೇಶಿ. ಹಳ್ಳಿ ಹಳ್ಳಿ ತಿರುಗಿ ಸುವಾರ್ತೆ ಹೇಳುವ ಕೆಲಸ, ಮನೆಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ನನ್ನನ್ನು ಶಾಲೆಗೆ ಸೇರಿಸಲು ಹೋದಾಗ ಐಗಳು, "ಜಗಲಿ ಕೆಳಗೆ ಕೂರೋದಾದ್ರೆ ಬರ್ಲಿ" ಎಂದರು. ಅವ್ವ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. "ನನ್ನ ಮಗಳು ನನ್ನ ಮನೆಯಾಗೇ ಕಲೀತಾಳೆ" ಎಂದಳು. ಅಂದಿನಿಂದ ದಿನವೂ ರೊಟ್ಟಿ ಬಡಿದಾದ ಮೇಲೆ ಅಡಿಗೆಮನೆಯೇ ನನ್ನ ಶಾಲೆ. ಮೊದಲು ಪ್ರಾರ್ಥನೆ, ಆಮೇಲೆ ಸ್ಲೇಟಿನ ಮೇಲೆ ಲೆಕ್ಕ, ಕೊನೆಗೆ ಬೈಬಲಿನ ಒಂದು ಪುಟ ಗಟ್ಟಿಯಾಗಿ ಓದಬೇಕು. ಅವ್ವನಿಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಾನು ನಂಬಿದ್ದೆ.

ಅವ್ವನಿಗೆ ಒಬ್ಬಳೇ ಗೆಳತಿ, ಚಳ್ಳಕೆರೆಯ ದೀನಮ್ಮ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬೋರ್ಡಿಂಗಿನಲ್ಲಿ ಇದ್ದವರು. ನನಗೆ ಆಕೆ ದೊಡ್ಡವ್ವ. ಹದಿನೈದು ದಿನಕ್ಕೊಮ್ಮೆ ಆಕೆಯ ಕಾಗದ ತರುತ್ತಿದ್ದವನು ನನ್ನಿವಾಳ ಹಳ್ಳಿಯ ಕಂಬಳಿ ವ್ಯಾಪಾರಿ ಮಾರಪ್ಪ. ಕಂಬಳಿಯ ಮಡಿಕೆಯಿಂದ ಕಾಗದ ತೆಗೆದು, "ತಗಳ್ರವ್ವಾ, ನಿಮ್ಮ ಅಕ್ಕಾರು ಕೊಟ್ಟಾರೆ" ಎಂದು ಕೊಟ್ಟು, ಮಜ್ಜಿಗೆ ಕುಡಿದು ಹೋಗುತ್ತಿದ್ದ. ಎರಡು ದಿನ ಬಿಟ್ಟು ವಾಪಸು ಹೋಗುವಾಗ ಅವ್ವನ ಉತ್ತರ ಒಯ್ಯುತ್ತಿದ್ದ. ಅವ್ವ ಆ ಕಾಗದವನ್ನು ಒಲೆಯ ಮುಂದೆ ತುಟಿ ಅಲ್ಲಾಡಿಸುತ್ತಾ ಮತ್ತೆ ಮತ್ತೆ ಓದುತ್ತಿದ್ದಳು. ನಾನು ಬಗ್ಗಿದರೆ ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ನನಗೆ ಹೊಟ್ಟೆಯೆಲ್ಲಾ ಉರಿಯುತ್ತಿತ್ತು.

ಒಂದು ದಿನ ಅರ್ಧ, ಕಾಲು, ಮುಕ್ಕಾಲಿನ ಪಾಠ ನಡೆದಿತ್ತು. "ಅವ್ವ, ಅರ್ಧಕ್ಕೆ ಮೂರರಲ್ಲೊಂದು ಭಾಗ ಸೇರಿಸಿದ್ರೆ ಎಷ್ಟು?" ಎಂದು ಕೇಳಿದೆ. "ಅದು ಮುಂದಿನ ಪಾಠ. ಸುಮ್ನೆ ಬರಿ" ಎಂದಳು. ನಾನು ಬಿಡಲಿಲ್ಲ, ಈಗಲೇ ಹೇಳು ಎಂದು ಪೀಡಿಸಿದೆ. ಎಂದೂ ಹೊಡೆಯದವಳು ಸೌಟಿನಿಂದ ಬೆರಳ ಗೆಣ್ಣಿಗೆ ಕೊಟ್ಟು, ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಅದೇ ಹೊತ್ತಿಗೆ ಮಾರಪ್ಪ ಬಂದ. ಮಜ್ಜಿಗೆಗೂ ನಿಲ್ಲಲಿಲ್ಲ. "ಚಳ್ಳಕೆರೆಯಾಗೆ ಇಲಿ ಸತ್ತು ಬೀಳ್ತಾ ಅದಾವೆ ಮಗಾ, ಈವತ್ತೇ ವಾಪಸು ಹೋಗ್ತೀನಿ. ಉತ್ತರ ಇದ್ರೆ ಸಂಜೀಕೆ ಸಂತೆ ಮಾಳಕ್ಕೆ ತಂದ್ಕೊಡು" ಎಂದು ಕಾಗದವನ್ನು ನನ್ನ ಕೈಗಿಟ್ಟು ಹೋದ.

ಜಾಲಿ ಅಂಟು ಹಾಕಿ ಮುಚ್ಚಿದ ಕಾಗದ. ಬೇರೆಯವರ ಕಾಗದ ಒಡೆದು ಓದುವುದು ಪಾಪ ಎಂದು ಅವ್ವನೇ ಹೇಳಿಕೊಟ್ಟಿದ್ದಳು. ಬಚ್ಚಿಡುವುದರ ಬಗ್ಗೆ ಏನೂ ಹೇಳಿರಲಿಲ್ಲ. ನಾನು ಒರಳಿನ ಮೇಲೆ ಹತ್ತಿ ಅದನ್ನು ತೊಲೆಯ ಸಂದಿಗೆ ತುರುಕಿದೆ. ಬೆರಳು ಇನ್ನೂ ಚುರುಗುಟ್ಟುತ್ತಿತ್ತು.

ಮರುದಿನ ಕೊಡೋಣ ಎಂದುಕೊಂಡೆ. ಮರುದಿನ ಕೊಟ್ಟರೆ ನಿನ್ನೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾಳಲ್ಲ! ಹೀಗೇ ದಿನ ಉರುಳಿದವು. ಅವ್ವ ಹಳೆಯ ಲೆಕ್ಕಗಳನ್ನೇ ಮತ್ತೆ ಕೊಡತೊಡಗಿದಳು. "ಇದು ಮೂರು ಸಲ ಆತು" ಎಂದರೆ, "ಗಟ್ಟಿ ಆಗ್ಲಿ" ಎನ್ನುತ್ತಿದ್ದಳು. ನಡುನಡುವೆ ಎದ್ದು ಹೋಗಿ ಬಾಗಿಲಲ್ಲಿ ನಿಂತು ಚಳ್ಳಕೆರೆಯ ದಾರಿ ನೋಡುತ್ತಿದ್ದಳು. "ಅವಳ ಕಾಗದ ಇಷ್ಟು ದಿನ ತಪ್ಪಿದ್ದಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನು ತೊಲೆಯ ಕಡೆ ಕಣ್ಣೆತ್ತುತ್ತಿರಲಿಲ್ಲ.

ತಿಂಗಳ ಮೇಲೆ ಮಾರಪ್ಪ ಬಂದ. ಹೆಗಲ ಮೇಲೆ ಕಂಬಳಿ ಹೊರೆ ಇರಲಿಲ್ಲ. ಹೊಸ್ತಿಲ ಹೊರಗೇ ನಿಂತು, "ನಿಮ್ಮ ಅಕ್ಕಾರು ಹೋಗಿಬಿಟ್ರು ತಾಯಿ. ಹೊಲದ ಗುಡಿಸಲಾಗೆ ಮಲಗಿದ್ರು. ನನ್ನ ಕಂಡಾಗೆಲ್ಲ ಉತ್ತರ ಬಂತಾ ಅಂತ ಕೇಳೋರು" ಎಂದ.

"ಯಾವುದಕ್ಕೆ ಉತ್ತರ?" ಎಂದಳು ಅವ್ವ.

"ಅವತ್ತು ಮಗಿನ ಕೈಯಾಗೆ ಕೊಟ್ಟೆನಲ್ರವ್ವಾ."

ಅವ್ವ ನನ್ನ ಕಡೆ ತಿರುಗಿದಳು. ನಾನು ಒರಳು ಹತ್ತಿ ಕಾಗದ ತೆಗೆದು ಕೊಟ್ಟೆ. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿ ನಿಂತೆ. ಹೊಡೆಯಲಿಲ್ಲ. ಅಂಟು ಬಿಡಿಸಿದಳು. ನೋಡಿದಳು, ಕಣ್ಣೀರಿಗೆ ಅಕ್ಷರ ಕಾಣಲಿಲ್ಲ. "ನೀನೇ ಓದು" ಎಂದು ನನಗೆ ಕೊಟ್ಟಳು.

ನಾನು ಓದಿದೆ. "ತಂಗಿ, ಮುಂದಿನ ಪಾಠ ಇದು. ಭಾಗಗಳನ್ನು ಕೂಡಿಸುವ ಮೊದಲು ತುಂಡುಗಳೆಲ್ಲ ಒಂದೇ ಅಳತೆಗೆ ಬರಬೇಕು. ಒಂದು ರೊಟ್ಟಿಯನ್ನು ಆರು ತುಂಡು ಮಾಡು. ಅರ್ಧ ಅಂದರೆ ಮೂರು, ಮೂರರಲ್ಲೊಂದು ಭಾಗ ಅಂದರೆ ಎರಡು. ಮೊದಲು ನೀನು ಎರಡು ಸಲ ಮಾಡಿ ನೋಡು, ಆಮೇಲೆ ಮಗುವಿಗೆ ಹೇಳಿಕೊಡು. ಇಲ್ಲಿ ಇಲಿ ಬಿದ್ದಿವೆ. ಎಲ್ಲರೂ ಹೊಲಕ್ಕೆ ಹೋಗುತ್ತಿದ್ದೇವೆ. ನನಗೆ ಭಯವಾಗಿದೆ. ಬೇಗ ನಾಲ್ಕು ಸಾಲು ಬರೆ, ನಿನ್ನ ಅಕ್ಷರ ನೋಡಿದರೆ ಧೈರ್ಯ ಬರುತ್ತದೆ."

ಮಾರಪ್ಪ ಯಾವಾಗ ಹೋದನೋ ತಿಳಿಯಲಿಲ್ಲ. ಅವ್ವ ಕಾಗದ ಇಸಿದುಕೊಂಡು ಮಡಚುತ್ತಾ ಹೇಳಿದಳು. "ನಾನು ಓದಿದ್ದು ಎರಡೇ ವರ್ಷ ಮಗಾ. ನಿನಗೆ ಕಲಿಸಿದ್ದೆಲ್ಲ ಅವಳು ಕಳಿಸಿದ್ದು. ಅವತ್ತು ನೀನು ಕೇಳಿದ್ದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಹೊಡೆದೆ."

ಮರುದಿನ ಬೆಳಿಗ್ಗೆ ಪ್ರಾರ್ಥನೆ ಆಯಿತು. ಅವ್ವ ಜೋಳದ ರೊಟ್ಟಿಯೊಂದನ್ನು ಆರು ತುಂಡು ಮಾಡಿದಳು. ಮೂರು ಒಂದು ಕಡೆ, ಎರಡು ಒಂದು ಕಡೆ. "ಎಷ್ಟಾತು?" ಎಂದಳು. "ಆರರಲ್ಲಿ ಐದು" ಎಂದೆ. ಉಳಿದ ಒಂದು ತುಂಡನ್ನು ಇಬ್ಬರೂ ಮುಟ್ಟಲಿಲ್ಲ.

"ಈಗ ಕಾಗದ ಬರಿ" ಎಂದಳು.

"ಯಾರಿಗವ್ವಾ?"

"ನಿಮ್ಮ ದೊಡ್ಡವ್ವಗೆ. ಲೆಕ್ಕ ಬಂತು ಅಂತ ಬರಿ."

ಬರೆದೆ. ಅವ್ವ ಕೆಳಗೆ ತನ್ನ ಹೆಸರು ಬರೆದು ಮಡಚಿದಳು. ಆ ಎರಡೂ ಕಾಗದಗಳು ಇವತ್ತಿಗೂ ನನ್ನ ಬೈಬಲಿನಲ್ಲಿವೆ. ಮುಂದೆ ನಾನೂ ಶಾಲೆಯಲ್ಲಿ ಪಾಠ ಹೇಳಿದೆ, ಭಿನ್ನರಾಶಿಯ ಪಾಠಕ್ಕೆ ಪ್ರತಿ ವರ್ಷ ಮನೆಯಿಂದ ರೊಟ್ಟಿ ಒಯ್ದೆ. ಬಂದ ಕಾಗದಕ್ಕೆ ಅಂದೇ ಉತ್ತರ ಬರೆಯುತ್ತೇನೆ. ಆದರೂ ಮನಸ್ಸು ಹಗುರಾಗಿಲ್ಲ. ಬದುಕಿದ್ದ ತನಕ ಅವ್ವ ಆ ವಿಷಯ ಎತ್ತಿ ನನಗೆ ಒಂದು ಮಾತೂ ಅನ್ನಲಿಲ್ಲ. ಒಂದು ಸಲವಾದರೂ ಬೈದಿದ್ದರೆ ಚೆನ್ನಾಗಿತ್ತು.