ಮೂರನೆಯ ಬಾವಿಯ ಮರ

ಐರ್ಲೆಂಡಿನ ಕಾರ್ಕ್‌ನಿಂದ ಬಸ್ಸಿನಲ್ಲಿ ಬಂದಿಳಿದ ಈ ಹಳೇ ಪಟ್ಟಣದಲ್ಲಿ ನಡೆದೇ ನೋಡಬಹುದಾದ ಮೂರು ಪವಿತ್ರ ಬಾವಿಗಳಿವೆ. ಎರಡನ್ನು ಮುಗಿಸಿ ಮೂರನೆಯದಕ್ಕೆ ಬಂದೆವು. ಮೈಸೂರಿನಿಂದ ಬಂದಿರುವ ನಮ್ಮತ್ತೆ ಇಲ್ಲೂ ಚಪ್ಪಲಿ ಬಿಟ್ಟು, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು. ಬಾವಿಯ ಮೇಲೆ ಬಾಗಿದ ಮುಳ್ಳಿನ ಮರದ ತುಂಬ ಬಟ್ಟೆಯ ಚೂರುಗಳನ್ನು ಕಟ್ಟಿದ್ದರು. ನಾನು ಫೋಟೋ ತೆಗೆಯುವಷ್ಟರಲ್ಲಿ ಅತ್ತೆ ಒಂದು ಕೆಂಪು ಚೂರನ್ನು ಬಿಚ್ಚಿ, ನನ್ನ ಮಗಳು ಅನುವಿನ ಕೈಗೆ ರಕ್ಷೆ ಕಟ್ಟಿಯೇಬಿಟ್ಟಿದ್ದರು.

“ದೇವರ ಜಾಗದ್ದು ಕಣೇ. ಪರೀಕ್ಷೆ ಮುಗಿಯೋವರೆಗೂ ಬಿಚ್ಚಬೇಡ.”

ಬೆಂಚಿನ ಮೇಲೆ ಕುಳಿತಿದ್ದ ಊರಿನ ಮುದುಕಿಯೊಬ್ಬರು ಗಾಬರಿಯಿಂದ ಎದ್ದು ಬಂದರು. ಕಾಯಿಲೆಯವರು ನೋವಿರುವ ಜಾಗಕ್ಕೆ ಬಟ್ಟೆ ಒತ್ತಿ, ಈ ಮರಕ್ಕೆ ಕಟ್ಟಿ ಹೋಗುತ್ತಾರಂತೆ. ಬಟ್ಟೆ ಕೊಳೆತ ಹಾಗೆ ಕಾಯಿಲೆಯೂ ಹೋಗುತ್ತದಂತೆ. ಯಾರಾದರೂ ಬಿಚ್ಚಿ ಮೈಗೆ ತಾಗಿಸಿಕೊಂಡರೆ ಆ ಕಾಯಿಲೆ ಅವರಿಗೆ ಬರುತ್ತದಂತೆ.

ನಾನು ಅನುವಿನ ಕೈಯನ್ನು ಹತ್ತಿರ ಎಳೆದುಕೊಂಡೆ. ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಬಿಚ್ಚಮ್ಮಾ, ಬೇಗ ಬಿಚ್ಚು.”

“ಇಟ್ಸ್ ಗ್ರ್ಯಾಂಡ್, ಏನೂ ಆಗಲ್ಲ ಅಜ್ಜಿ,” ಎಂದು ಅನು ನಕ್ಕು ನನ್ನ ಕಡೆ ತಿರುಗಿದಳು. “ಮಾಮ್, ಯೂ ಆರ್ ಎ ಡಾಕ್ಟರ್!”

ಹೌದು, ಡಾಕ್ಟರೇ. ಹದಿನಾಲ್ಕು ವರ್ಷಗಳಿಂದ ಕಾರ್ಕ್‌ನ ಆಸ್ಪತ್ರೆಯಲ್ಲಿ ಗ್ಲೌಸ್ ಹಾಕದೆ ಯಾರ ಬ್ಯಾಂಡೇಜನ್ನೂ ಮುಟ್ಟಿದವಳಲ್ಲ. ಅತ್ತೆ ಮೂರು ಗಂಟು ಹಾಕಿದ್ದರು. ಒದ್ದೆ ಬಟ್ಟೆ ಬಿಗಿದುಕೊಂಡು ಉಗುರಿಗೆ ಸಿಗಲಿಲ್ಲ.

ಯಾರದೋ ಕಾಯಿಲೆಯನ್ನು ಮಗಳ ಕೈಯಿಂದ ನಾನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ.