ಮಾವನ ಪಂಚೆ, ಮಗಳ ಲಂಗೋಟಿ

ನಾನು ಮಗಳ ಲಂಗೋಟಿಗೆ ಗಂಜಿ ಹಾಕಿದೆ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಉಪ್ಪಾರಹಳ್ಳಿಯ ನಮ್ಮ ಬೀದಿಗೆ, ಗುಬ್ಬಿಯ ಅತ್ತೆ ಮನೆಗೆ, ಕುಣಿಗಲ್ಲಿನಲ್ಲಿರುವ ನನ್ನ ಅಮ್ಮನಿಗೆ, ಎಲ್ಲರಿಗೂ ವಿಷಯ ಗೊತ್ತಾಗಿಹೋಗಿದೆ. ಇನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ಉಳಿಸಿಕೊಳ್ಳುವಂಥ ಮಾನವೇನೂ ನನ್ನ ಹತ್ತಿರ ಬಾಕಿ ಇಲ್ಲ. ಹಾಕಿದ್ದು ಒಂದಕ್ಕೋ ಎರಡಕ್ಕೋ ಅಲ್ಲ, ಇಪ್ಪತ್ತೆರಡಕ್ಕೆ. ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಅಷ್ಟಕ್ಕೇ ಬಿಡದೆ ಇಸ್ತ್ರಿಯನ್ನೂ ಮಾಡಿದೆ. ಒಂದರ ಮೇಲೊಂದು ಜೋಡಿಸಿಟ್ಟಾಗ ಹಪ್ಪಳದ ಕಟ್ಟಿನ ಹಾಗೆ ಕಂಡವು. ಅದರಲ್ಲೊಂದನ್ನು ಕಟ್ಟಿದ ಮೇಲೆ ನನ್ನ ಆರು ತಿಂಗಳ ಮಗಳು ನಾಮಪತ್ರ ಸಲ್ಲಿಸಲು ಹೊರಟ ಅಭ್ಯರ್ಥಿಯ ಹಾಗೆ ಕಾಣುತ್ತಿದ್ದಳು. ಕೈ ಮುಗಿಯುವುದೊಂದು ಬಾಕಿ ಇತ್ತು.

ಎಂಥ ಪೆದ್ದನ ಕೆಲಸಕ್ಕೂ ಅವನ ತಲೆಯೊಳಗೆ ಒಂದು ತರ್ಕ ಇರುತ್ತದೆ. ನನ್ನ ತರ್ಕ ಹೀಗಿತ್ತು. ಆ ಲಂಗೋಟಿಗಳೆಲ್ಲ ಮೂಲದಲ್ಲಿ ನನ್ನ ಮಾವನ ಪಂಚೆಗಳು. ಮಾವ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಅವರ ಪಂಚೆಗೆ ಗಂಜಿ ಎಷ್ಟಿರುತ್ತದೆಂದರೆ, ಅವರು ಕುರ್ಚಿಯಿಂದ ಎದ್ದ ಮೇಲೂ ಪಂಚೆ ಒಂದು ಕ್ಷಣ ಕೂತೇ ಇರುತ್ತದೆ. ಮದುವೆಯಾದ ದಿನದಿಂದ ಆ ಪಂಚೆಯ ಗರಿಗರಿ ಸದ್ದು ಕೇಳಿದರೆ ನಾನು ಎದ್ದು ನಿಲ್ಲುತ್ತೇನೆ. ಅತ್ತೆ ಅವುಗಳಲ್ಲಿ ಹಳೆಯವನ್ನು ಹರಿದು, ಅಂಚು ಹೊಲಿದು, ಚೌಕ ಚೌಕವಾಗಿ ಲಂಗೋಟಿ ಮಾಡಿ ಕೊಟ್ಟಿದ್ದರು. ಅಂಥ ಮರ್ಯಾದೆಯ ಬಟ್ಟೆ ನಮ್ಮ ಮನೆಗೆ ಬಂದ ತಕ್ಷಣ ಮುದ್ದೆಯಾಗಿ ಬಿದ್ದಿರುವುದು ನೋಡಿ ನನ್ನ ಅಳಿಯತನ ಕೆರಳಿತು. ಆವತ್ತೇ ಅನ್ನ ಬಸಿದ ಗಂಜಿ ಒಲೆಯ ಪಕ್ಕದಲ್ಲಿ ಬಿಸಿಬಿಸಿಯಾಗಿ ಕೂತಿತ್ತು. ಉಳಿದದ್ದು ನಿಮಗೆ ಗೊತ್ತಿದೆ.

ಮನೆಯಲ್ಲಿ ಆ ಹೊತ್ತಿಗೆ ನಾನು ಮತ್ತು ಮಗಳು ಇಬ್ಬರೇ. ಅದಕ್ಕೂ ಕಾರಣವಿದೆ. ನನ್ನ ಹೆಂಡತಿ ಪವಿತ್ರ ಶಾಲೆಯೊಂದರಲ್ಲಿ ಟೀಚರು. ಹೆರಿಗೆ ರಜೆ ಮುಗಿದು ಆ ಸೋಮವಾರವೇ ಕೆಲಸಕ್ಕೆ ಹೋಗಿದ್ದಳು. ನಾನು ಕ್ಯಾತ್ಸಂದ್ರದಲ್ಲಿ ಸಂಜೆ ಗಣಿತದ ಟ್ಯೂಷನ್ ಹೇಳುತ್ತೇನೆ, ಆದ್ದರಿಂದ ಹಗಲೆಲ್ಲ ಖಾಲಿ. ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗಳನ್ನೂ ತಂದುಬಿಟ್ಟ ಅತ್ತೆಗೆ, ಖಾಲಿ ಇರುವ ಗಂಡಸು ಮತ್ತು ಕೂಸು ಒಂದೇ ಮನೆಯಲ್ಲಿ ಇಡೀ ದಿನ ಇರುವುದು ಸರಿ ಕಾಣಲಿಲ್ಲ. "ಮಗೂನ ನಾನೇ ಕರ್ಕೊಂಡೋಗ್ತೀನಿ, ನೀವು ಭಾನುವಾರ ಭಾನುವಾರ ಬಂದು ನೋಡ್ಕೊಂಡೋಗಿ" ಅಂದರು. ಪವಿತ್ರ ಎದ್ದು ಅಡುಗೆಮನೆಗೆ ಹೋದಳು. ನಾನು ಅವಳ ಹಿಂದೆಯೇ ಹೋಗಿ, ವಾಪಸ್ ಬಂದು, "ಒಂದು ವಾರ ನೋಡಿ ಅತ್ತೆ" ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಯ್ತು, ಮುಂದಿನ ಭಾನುವಾರ ಬತ್ತೀನಿ. ಆಗ ನೋಡಾನ" ಅಂದರು. ಗುಬ್ಬಿಯೇನು ಕಾಶಿಯಲ್ಲ, ಬಸ್ಸು ಹತ್ತಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. ಆದರೆ ತೊಟ್ಟಿಲು ಒಂದು ಊರಲ್ಲಿ, ಅಪ್ಪ ಅಮ್ಮ ಒಂದು ಊರಲ್ಲಿ ಅಂದಾಗ ಅದು ದೂರವೇ.

ಪೇಟೆಯ ಡೈಪರ್ ತಂದು ಕೈ ತೊಳೆದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂದಿದ್ದೆವು. ಬೇಸಿಗೆಯ ಸೆಕೆಗೆ ಮಗಳ ಚರ್ಮ ಕೆಂಪೆದ್ದು, ಡಾಕ್ಟರು "ಮನೇಲಿದ್ದಾಗ ಹತ್ತಿ ಬಟ್ಟೆ ಕಟ್ಟಿ" ಅಂದಿದ್ದರು. ಹಾಗಾಗಿ ಅತ್ತೆ ಹೊರಡುವ ಮುನ್ನ ಮೂರು ದಿನ ನನಗೆ ತರಬೇತಿ ಕೊಟ್ಟರು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, "ಮೊದ್ಲು ತಣ್ಣೀರು ಅಳಿಯಂದ್ರೆ. ಬಿಸ್ನೀರಿಗೆ ಹಾಕಿದ್ರೆ ಕಲೆ ಅಲ್ಲೇ ಕೂತ್ಕಂಬುಡುತ್ತೆ. ಸೋಪು ಕಮ್ಮಿ, ನೀರು ಜಾಸ್ತಿ. ನೊರೆ ಹೋಗೋಗಂಟ ಜಾಲಿಸ್ಬೇಕು. ಆಮೇಲೆ ಬಿಸ್ಲು" ಅಂದರು. ನಾನು ಎಲ್ಲವನ್ನೂ ಬರೆದುಕೊಂಡೆ. ಗಂಜಿ ಹಾಕಬೇಡಿ ಎಂದು ಅವರು ಹೇಳಲಿಲ್ಲ. ಯಾಕೆ ಹೇಳುತ್ತಾರೆ? ಕಾಫಿಗೆ ಒಗ್ಗರಣೆ ಕೊಡಬೇಡಿ ಎಂದು ಯಾರಾದರೂ ಯಾರಿಗಾದರೂ ಕಲಿಸಿದ್ದುಂಟೇ?

ಕಟ್ಟುವ ವಿದ್ಯೆಯಲ್ಲಿ ಮಾತ್ರ ನಾನು ಗೆದ್ದುಬಿಡುತ್ತೇನೆ ಎಂದುಕೊಂಡಿದ್ದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ಲಂಬಕೋನ ತ್ರಿಭುಜ. ಕರ್ಣ ಸೊಂಟಕ್ಕೆ, ಶೃಂಗ ಕಾಲಿನ ನಡುವೆ. ಹತ್ತು ವರ್ಷದಿಂದ ಪಾಠ ಹೇಳುತ್ತಿರುವ ವಿಷಯ. ಆದರೆ ಬೋರ್ಡಿನ ಮೇಲಿನ ತ್ರಿಭುಜ ಕಾಲು ಒದೆಯುವುದಿಲ್ಲ. ನಾನು ಕರ್ಣವನ್ನು ಸರಿಪಡಿಸುವಷ್ಟರಲ್ಲಿ ಮಗಳು ಬೋರಲಾಗುತ್ತಿದ್ದಳು, ಅಂಗಾತ ಮಾಡುವಷ್ಟರಲ್ಲಿ ಶೃಂಗ ಬಾಯಲ್ಲಿರುತ್ತಿತ್ತು. ಬಿಗಿಯಾದರೆ ನೋಯುತ್ತದೆಂದು ಸಡಿಲವಾಗಿ ಕಟ್ಟಿದ್ದು ಸ್ವಲ್ಪ ಹೊತ್ತಿಗೆ ಪಾದದ ಬಳಿ ಕಾಲ್ಗೆಜ್ಜೆಯಾಗಿ ನೇತಾಡುತ್ತಿತ್ತು.

ಲಂಗೋಟಿ ಚಿಕ್ಕ ವಸ್ತುವಾದರೂ ಚಿಲ್ಲರೆ ವಸ್ತುವಲ್ಲ. ನನಗೆ ತಿಳಿದಂತೆ ಲಂಗೋಟಿಯಲ್ಲೇ ಸಂಕೋಚವಿಲ್ಲದೆ ಇರಬಲ್ಲವರು ಮೂವರು: ಸನ್ಯಾಸಿ, ಕುಸ್ತಿ ಪೈಲ್ವಾನ್ ಮತ್ತು ಕೂಸು. ಸನ್ಯಾಸಿ ಎಲ್ಲವನ್ನೂ ಬಿಡುತ್ತಾ ಬಿಡುತ್ತಾ ಕೊನೆಗೆ ಅದಕ್ಕೆ ಬಂದು ನಿಲ್ಲುತ್ತಾನೆ. ಪೈಲ್ವಾನ್ ಅದನ್ನು ಕಟ್ಟಿದ ಮೇಲೆ ಎದುರಾಳಿಯನ್ನು ಹುಡುಕುತ್ತಾನೆ. ಕೂಸಿಗೆ ಎದುರಾಳಿಯನ್ನು ಹುಡುಕುವ ಕಷ್ಟವೂ ಇಲ್ಲ, ಅಪ್ಪ ಎದುರಿಗೇ ಕೂತಿರುತ್ತಾನೆ. ಮೂವರಲ್ಲಿ ಮೊದಲಿಬ್ಬರು ತಮ್ಮ ಲಂಗೋಟಿಯನ್ನು ತಾವೇ ಒಗೆದುಕೊಳ್ಳುತ್ತಾರೆ ಎಂಬ ವ್ಯತ್ಯಾಸವನ್ನು ನಾನು ಈ ಮೊದಲು ಗಮನಿಸಿರಲಿಲ್ಲ.

ಗಂಜಿಯ ಸೋಮವಾರಕ್ಕೆ ಬರುತ್ತೇನೆ. ತಾರಸಿಯಲ್ಲಿ ಲಂಗೋಟಿಗಳನ್ನು ಹರವಿ ಸ್ವಲ್ಪ ಹೊತ್ತಾಗಿರಬೇಕು, ಬಟ್ಟೆ ಎತ್ತಲು ಬಂದ ಮನೆ ಓನರ್ ಆಂಟಿ ತಂತಿಯ ಮುಂದೆ ನಿಂತುಬಿಟ್ಟರು. "ಏನ್ ಸಾರ್, ಗಾಳಿ ಹಿಂಗ್ ಬೀಸ್ತಿದೆ, ನಿಮ್ ಬಟ್ಟೆ ಒಂದೂ ಅಲ್ಲಾಡ್ತಿಲ್ವಲ್ಲ?" ಎಂದು ಕೇಳಿದರು. ನಾನು ಹೆಮ್ಮೆಯಿಂದ ಗಂಜಿಯ ವಿಷಯ ಹೇಳಿದೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ಸರಸರ ಕೆಳಗಿಳಿದರು. ಆ ಅವಸರ ನೋಡಿಯಾದರೂ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನ ಮಗಳು ಗಂಜಿ ಹಾಕಿದ್ದನ್ನು ಮೊದಲ ಸಲ ಒದ್ದೆ ಮಾಡಿಕೊಂಡಳು. ಒದ್ದೆಯಾದ ಗಂಜಿ ಮತ್ತೆ ಗಂಜಿಯಾಯಿತು. ಮಧ್ಯದಲ್ಲಿ ಅಂಟಂಟು, ಅಂಚಿನಲ್ಲಿ ಗರಿಗರಿ. ಅವಳು ಅಳತೊಡಗಿದಳು. ಹಸಿವೆಂದು ಹಾಲು ಕುಡಿಸಿದೆ, ನಿದ್ದೆಯೆಂದು ತೂಗಿದೆ, ಗಿಲಕಿ ಆಡಿಸಿದೆ, ನಾನೇ ಕುಣಿದೆ. ಒಂದು ಲಂಗೋಟಿ ಬಿಚ್ಚಿ ಅಷ್ಟೇ ಗರಿಯಾದ ಇನ್ನೊಂದನ್ನು ಕಟ್ಟಿದೆ. ಸಂಜೆ ನಾಲ್ಕೂವರೆಗೆ ಪವಿತ್ರ ಬಂದು, ಬ್ಯಾಗು ಹೆಗಲಲ್ಲಿರುವಂತೆಯೇ ಮಗುವನ್ನು ಎತ್ತಿಕೊಂಡು, ಬಟ್ಟೆ ಬಿಚ್ಚಿದಳು. ಎರಡೂ ತೊಡೆಯ ಸಂದಿಯಲ್ಲಿ ಕೆಂಪು ಗೆರೆ ಎದ್ದಿತ್ತು.

ಪವಿತ್ರ ನನ್ನನ್ನು ನೀನು ಎಂದೇ ಕರೆಯುವುದು. ಸಿಟ್ಟು ಬಂದರೆ ಮಾತ್ರ ಬಹುವಚನಕ್ಕೆ ಏರುತ್ತಾಳೆ. ಅವತ್ತು ಲಂಗೋಟಿಯನ್ನು ಬೆರಳಲ್ಲಿ ಮುರಿದು ನೋಡಿ, "ಗಂಜಿ ಹಾಕಿದೀರಾ?" ಅಂದಳು. ನಾನು ತಲೆಯಾಡಿಸಿದೆ. ಮೂಲೆಯಲ್ಲಿದ್ದ ಕಟ್ಟನ್ನು ನೋಡಿ, "ಇಸ್ತ್ರಿನೂ ಮಾಡಿದ್ರಾ?" ಅಂದಳು. ಇಬ್ಬರೂ ಅತ್ತ ನೋಡಿದೆವು. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅವತ್ತು ಮಗಳ ತೊಡೆಗೆ ಕೊಬ್ಬರಿ ಎಣ್ಣೆ ಸವರುತ್ತಾ, "ಅಮ್ಮಂಗೆ ನಾನೇನೂ ಹೇಳಲ್ಲ. ಆದ್ರೆ ಈ ಗೆರೆ ಭಾನುವಾರದವರೆಗೆ ಇದ್ರೆ ಅದೇ ಹೇಳುತ್ತೆ. ಆಮೇಲೆ ನಾನು ವಾರಕ್ಕೊಂದ್ಸಲ ಮಗೂನ ನೋಡೋ ತಾಯಿ" ಅಂದಳು. ನಿಜ ಹೇಳಬೇಕೆಂದರೆ, ಅತ್ತೆ ಮೊದಲು ಆ ಮಾತು ಎತ್ತಿದಾಗ, ಹಗಲು ನಿದ್ದೆ ಮಾಡಬಹುದಲ್ಲ ಎಂದು ನನ್ನೊಳಗಿನ ಒಬ್ಬ ಸೋಮಾರಿ ಕಿವಿ ನೆಟ್ಟಗೆ ಮಾಡಿದ್ದ. ಆ ಕೆಂಪು ಗೆರೆ ನೋಡಿದ ಮೇಲೆ ಅವನು ಮತ್ತೆ ಬಾಯಿ ಬಿಡಲಿಲ್ಲ.

ಸಲಹೆಗಾಗಿ ಕುಣಿಗಲ್ಲಿಗೆ, ಅಮ್ಮನಿಗೆ ಫೋನ್ ಮಾಡಿದೆ. ಮಂಡಿ ನೋವಿನಿಂದ ಅಮ್ಮ ಬರಲಾರಳು, ಆದರೆ ಬೈಯುವುದಕ್ಕೆ ಮಂಡಿ ಬೇಕಿಲ್ಲ. "ಏನ್ಲಾ, ಕುಂಡಿ ಬಟ್ಟೆಗೆ ಗಂಜಿ ಹಾಕ್ದೋನು ಈ ಭೂಮಿ ಮೇಲೆ ನೀನೊಬ್ನೇ ಕಣ್ಲಾ" ಅಂದಳು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು ಬಂದು, ಮತ್ತೆ ನಕ್ಕಳು. ಆಮೇಲೆ ಎಲ್ಲ ಬಟ್ಟೆಯನ್ನೂ ಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟು, ನೀರು ತಿಳಿಯಾಗುವ ತನಕ ಜಾಲಿಸಲು ಹೇಳಿದಳು. ಫೋನ್ ಇಡುವ ಮುಂಚೆ ಸುಮ್ಮನೆ, "ನೀನು ಹುಟ್ಟಿದ್ದು ಮಳೆಗಾಲ. ಬಿಸ್ಲು ಅನ್ನೋದೇ ಇರ್ಲಿಲ್ಲ. ಕೆಂಡದ ಮೇಲೆ ಬಿದ್ರು ಮಂಕ್ರಿ ಬೋರಲು ಹಾಕಿ ನಿನ್ ಬಟ್ಟೆ ಒಣಗುಸ್ತಿದ್ದೆ. ಒಂದ್ಸಲ ನಾಕು ಬಟ್ಟೆ ಸೀದೋದ್ವು. ನಮ್ಮತ್ತೆಗೆ ಗೊತ್ತಾಗ್ದಂಗೆ ತಿಪ್ಪೇಲಿ ಹೂತಾಕ್ಬುಟ್ಟಿದ್ದೆ" ಅಂದಳು.

ಮೂವತ್ತೊಂದು ವರ್ಷ ಅಮ್ಮ ಕಾಪಾಡಿಕೊಂಡು ಬಂದ ಗುಟ್ಟು ಅದು. ಫೋನ್ ಇಟ್ಟ ಮೇಲೆ ನಾನು ಬಚ್ಚಲಲ್ಲಿ ಬಟ್ಟೆ ನೆನೆಸಲು ಕೂತೆ. ಲೆಕ್ಕದ ಮೇಷ್ಟ್ರಲ್ಲವೇ, ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂದು ಅಮ್ಮ ನನಗಾಗಿ ಒಗೆದ ಬಟ್ಟೆಯನ್ನು ಗುಣಿಸಲು ಹೊರಟೆ. ಉತ್ತರ ದೊಡ್ಡದಾಗುತ್ತಾ ಹೋಗಿ ಹೆದರಿಕೆಯಾಗಿ ನಿಲ್ಲಿಸಿದೆ. ಮೊದಲ ಹುಟ್ಟುಹಬ್ಬದ ಫೋಟೋದಲ್ಲಿ ನಾನು ಬೆಳ್ಳಗೆ ಹೊಳೆಯುವ ಬಟ್ಟೆಯಲ್ಲಿ ಕೂತಿದ್ದೇನೆ. ಅದು ತಾನಾಗಿಯೇ ಬೆಳ್ಳಗಿದ್ದದ್ದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಮಂಗಳವಾರದಿಂದ ಶನಿವಾರದವರೆಗೆ ನಾನು ಒಗೆದೆ. ಬಿಸಿಲು ಯಾವ ಹೊತ್ತಿಗೆ ತಾರಸಿಯ ಯಾವ ಮೂಲೆಗೆ ಬರುತ್ತದೆ ಎಂಬುದನ್ನು ಕಲಿತೆ. ನೀರಿನ ಟ್ಯಾಂಕಿನ ನೆರಳು ಸರಿದ ಹಾಗೆ ಕ್ಲಿಪ್ಪುಗಳನ್ನು ಸರಿಸಿದೆ. ಮೋಡ ಕಂಡರೆ ಪಾಠದ ನಡುವೆಯೂ ಕಿಟಕಿ ನೋಡಿದೆ. ಒಣಗಿದ ಲಂಗೋಟಿಯನ್ನು ಕೆನ್ನೆಗೆ ಒತ್ತಿಕೊಂಡು ಮೆತ್ತಗಿದೆಯೇ ಎಂದು ಪರೀಕ್ಷಿಸುವಾಗ ಅದಕ್ಕೊಂದು ವಾಸನೆ ಇರುವುದು ತಿಳಿಯಿತು. ಬಿಸಿಲಿನದ್ದು, ಸ್ವಲ್ಪ ಸೋಪಿನದ್ದು, ಇನ್ನು ಸ್ವಲ್ಪ ಯಾವುದರದ್ದೋ. ಅತ್ತೆ ಹಾಕಿದ ಸಣ್ಣ ಸಣ್ಣ ಹೊಲಿಗೆಗಳನ್ನು ಆಗಲೇ ನಾನು ಸರಿಯಾಗಿ ನೋಡಿದ್ದು. ಒಳಬದಿಯ ದಾರ ಮಗುವಿಗೆ ಚುಚ್ಚಬಾರದೆಂದು ಪ್ರತಿ ಗಂಟನ್ನೂ ಹೊರಗೆ ಬಿಟ್ಟಿದ್ದರು. ಓನರ್ ಆಂಟಿ ಬಂದು, "ಇವತ್ತು ಹಾರಾಡ್ತಾವೆ ಸಾರ್" ಎಂದು ಸರ್ಟಿಫಿಕೇಟು ಕೊಟ್ಟರು.

ಭಾನುವಾರ ಹತ್ತು ಗಂಟೆಗೆ ಅತ್ತೆ ಬಂದರು. ಕೈಯಲ್ಲಿ ಒಂದು ದೊಡ್ಡ ಖಾಲಿ ಬ್ಯಾಗು. ಅದು ಯಾತಕ್ಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಮಾವನ ರಕ್ತದೊತ್ತಡ, ತೆಂಗಿನ ನುಸಿ ರೋಗ, ಬಸ್ಸಿನ ರಶ್ಶು ಎಲ್ಲ ಮಾತಾಡಿದರು. ನಡುವೆ ಮಗಳು ಅವರ ಸೀರೆ ಒದ್ದೆ ಮಾಡಿದಳು. ನಾನು ಯೋಚನೆ ಮಾಡದೆ ಎತ್ತಿಕೊಂಡು, ಚಾಪೆಯ ಮೇಲೆ ಮಲಗಿಸಿ, ಬಿಚ್ಚಿ, ಒರೆಸಿ, ಒಣಗಲು ಒಂದು ಗಳಿಗೆ ಹಾಗೇ ಬಿಟ್ಟೆ. ಆಗ ಅತ್ತೆ ಬಗ್ಗಿ ನೋಡಿದರು.

"ಇದ್ಯಾಕೆ ಇಲ್ಲಿ ಗೆರೆ?"

ಗೆರೆ ಬಹುಪಾಲು ಮಾಸಿತ್ತು. ಪೂರ್ತಿ ಮಾಸಿರಲಿಲ್ಲ. ಪವಿತ್ರ ಬಾಗಿಲಲ್ಲಿ ನಿಂತಿದ್ದವಳು, "ಸೆಕೆಗೆ ಕಣಮ್ಮ, ಇಲ್ಲಿ ವಿಪರೀತ ಸೆಕೆ" ಅಂದಳು. ಮದುವೆಯಾದ ಮೇಲೆ ಅವಳು ನನಗಾಗಿ ಹೇಳಿದ ಮೊದಲ ಸುಳ್ಳು ಅದು, ಅದೂ ತನ್ನ ಅಮ್ಮನಿಗೆ. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

"ಸೆಕೆ ಅಲ್ಲ ಅತ್ತೆ. ಸೋಮವಾರ ನಾನು ಲಂಗೋಟಿಗೆ ಗಂಜಿ ಹಾಕಿದ್ದೆ" ಅಂದೆ. ಮುಚ್ಚಿಟ್ಟರೆ ಓನರ್ ಆಂಟಿ ಹೇಳುತ್ತಾರೆಂಬ ಭಯಕ್ಕೆ, "ಇಸ್ತ್ರಿನೂ ಮಾಡಿದ್ದೆ" ಎಂದೂ ಸೇರಿಸಿದೆ.

ನಾನು ಲಂಗೋಟಿ ಮಡಿಸಿ, ಕಾಲು ಹಿಡಿದು, ಗಂಟನ್ನು ಪಕ್ಕಕ್ಕೆ ಬರುವಂತೆ ಕಟ್ಟುವುದನ್ನೇ ಅತ್ತೆ ನೋಡುತ್ತಿದ್ದರು. ಗಂಟಿನ ಒಳಗೆ ಒಂದು ಬೆರಳು ತೂರಿಸಿ ಬಿಗಿ ನೋಡಿದರು. ಆಮೇಲೆ ತಾರಸಿಗೆ ಹೋದರು. ಹಿಂದೆ ಹೋಗಲು ಧೈರ್ಯವಾಗದೆ ನಾನೂ ಪವಿತ್ರಳೂ ಕೆಳಗೇ ನಿಂತೆವು. ಮಗಳು ಮಾತ್ರ ನಿರಾಳವಾಗಿ ತನ್ನ ಹೆಬ್ಬೆರಳು ಚೀಪುತ್ತಿದ್ದಳು. ತಿರುಗಿ ಬರುವಾಗ ಅತ್ತೆಯ ಕೈಯಲ್ಲಿ ಒಣಗಿದ ಬಟ್ಟೆಗಳ ರಾಶಿ ಇತ್ತು. ಕೂತು ಒಂದೊಂದಾಗಿ ಮಡಿಸಿದರು. ಅವು ಬ್ಯಾಗಿಗೆ ಹೋಗುತ್ತವೆಯೋ ಕಪಾಟಿಗೆ ಹೋಗುತ್ತವೆಯೋ ಎಂದು ನಾವಿಬ್ಬರೂ ಅವರ ಕೈಯನ್ನೇ ನೋಡುತ್ತಿದ್ದೆವು. ಎದ್ದು, ಕಪಾಟು ತೆಗೆದು, ಕೆಳಗಿನ ಖಾನೆಯಲ್ಲಿ ಇಟ್ಟರು. ಪವಿತ್ರ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ಅಲ್ಲಿ ತೊಳೆಯಲು ಒಂದು ಲೋಟವೂ ಇರಲಿಲ್ಲ.

ಸಂಜೆ ಅತ್ತೆಯನ್ನು ಬಸ್ಸಿಗೆ ಬಿಡಲು ಹೋದೆ. ಖಾಲಿ ಬ್ಯಾಗಿನಲ್ಲಿ ಪವಿತ್ರ ಒಂದಷ್ಟು ಹೂಕೋಸು ತುಂಬಿ ಕಳಿಸಿದ್ದಳು. ಗುಬ್ಬಿ ಬಸ್ಸು ಬಂದಾಗ ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತರು. ಕಂಡಕ್ಟರ್ ಬೈಯಲು ಬಾಯಿ ತೆಗೆದವನು ಅವರ ಮುಖ ನೋಡಿ ಸುಮ್ಮನಾದ.

"ನಿಮ್ ಮಾವ್ನೋರು ಮೂರು ಮಕ್ಳು ಬೆಳೆಯೋಗಂಟ ಒಂದೇ ಒಂದು ತಪ್ಪೂ ಮಾಡ್ಲಿಲ್ಲ ಅಳಿಯಂದ್ರೆ" ಅಂದರು. "ಒಂದು ಬಟ್ಟೆನೂ ಮುಟ್ಟಿರ್ಲಿಲ್ಲವಲ್ಲ."