ಮೈಕ್ ಟೀಚರ್ ಬಾಯಿ ಮುಚ್ಚಿದ ಮೂರು ವಾರ

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಮೈಕ್ ಟೀಚರ್. ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದ ಅವರು ಏಳನೇ ತರಗತಿಯಲ್ಲಿ ಪಾಠ ಶುರು ಮಾಡಿದರೆ ಅಂಗಳದಾಚೆಯ ಐದನೇ ತರಗತಿಯವರೂ ಪುಕ್ಕಟೆಯಾಗಿ ಕಲಿಯುತ್ತಿದ್ದರು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಒಮ್ಮೆ, "ಮೇಡಂ, ಹದಿನೇಳರ ಮಗ್ಗಿ ಹೇಳೋ ಅಂದ್ರೆ ನನ್ನ ಕ್ಲಾಸಿನವನು ಗೋ, ವೆಂಟ್, ಗಾನ್ ಅಂತಾನೆ" ಎಂದು ಗೋಳು ತೋಡಿಕೊಂಡಿದ್ದರು. ಟೀಚರ್ ಅದನ್ನು ಹೊಗಳಿಕೆ ಎಂದೇ ತಿಳಿದರು. ಮನೆಯಲ್ಲಿ ಕಿವಿ ಮಂದವಾಗಿದ್ದ ಅತ್ತೆಗಂತೂ ಆ ಗಂಟಲು ದೊಡ್ಡ ವರ. "ಈ ಮನೇಲಿ ಮಾತಾಡೋಳು ನನ್ನ ಸೊಸೆ ಒಬ್ಬಳೇ. ಉಳಿದವರೆಲ್ಲ ಬರೀ ತುಟಿ ಅಲ್ಲಾಡಿಸ್ತಾರೆ" ಎನ್ನುತ್ತಿದ್ದರು ಆಕೆ.

ಒಂದು ಸೋಮವಾರ ಬೆಳಗ್ಗೆ ಆ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಮೂರು ವಾರ ಒಂದು ಮಾತೂ ಕೂಡದು. ಪಿಸುಗುಟ್ಟೋದಂತೂ ಬೇಡವೇ ಬೇಡ" ಎಂದರು. ಜೊತೆಗೆ ಬಂದಿದ್ದ ಗಂಡ, "ನಾಲ್ಕು ವಾರ ಆದ್ರೂ ಪರವಾಗಿಲ್ಲ ಡಾಕ್ಟ್ರೇ" ಎಂದು ಮೊಣಕೈ ತಿವಿತ ತಿಂದರು.

ರಜೆ ಹಾಕೋಣವೆಂದರೆ ಬದಲಿಗೆ ಬರುವವರು ಯಾರೂ ಇರಲಿಲ್ಲ. "ಸುಮ್ನೆ ಬಂದು ಕೂತ್ಕೊಳ್ಳಿ, ಮಕ್ಕಳು ಏನಾದ್ರೂ ಬರ್ಕೊಳ್ಳಲಿ" ಎಂದರು ಹೆಡ್‌ಮಿಸ್. ಟೀಚರ್ ಹಾಗೇ ಹೋಗಿ ನಿಂತರು. ಮೂವತ್ತೊಂಬತ್ತು ಮಕ್ಕಳು ಎಂದಿನ ಸಿಡಿಲಿಗೆ ಕಾದು ಕುಳಿತಿದ್ದರು. ಸಿಡಿಲು ಬರಲಿಲ್ಲ. ಬದಲಿಗೆ ಬೋರ್ಡಿನ ಮೇಲೆ ಒಂದು ಸಾಲು ಬಂತು: ನನಗೆ ಏನಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿ.

ಮಕ್ಕಳು "ನೀ ಕೇಳು, ನೀ ಕೇಳು" ಎಂದು ಒಬ್ಬರನ್ನೊಬ್ಬರು ತಿವಿದರು. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು, "ಯು ಸಿಕ್?" ಎಂದಳು.

ಇಷ್ಟು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಸಿಕ್ಕ ಫಲ ಇದೇನಾ ಎಂದು ಟೀಚರ್ ಬೇಸರದಿಂದ ಚಾವಣಿ ನೋಡಿದರು. ಅಷ್ಟೂ ಮಕ್ಕಳು ತಾವೂ ಚಾವಣಿ ನೋಡಿದರು. ಅಲ್ಲಿ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. ಹುಡುಗಿ ಯೋಚಿಸಿದಳು. "ಆರ್ ಯು ಸಿಕ್?" ಟೀಚರ್ ತಟ್ಟನೆ ಹೌದೆಂದು ತಲೆಯಾಡಿಸಿದರು. ಕ್ಲಾಸಿಗೆ ಗುಟ್ಟು ಹೊಳೆಯಿತು. ಪ್ರಶ್ನೆ ಸರಿಯಿದ್ದರೆ ಹೌದು ಅಥವಾ ಅಲ್ಲ, ತಪ್ಪಿದ್ದರೆ ಚಾವಣಿ.

ಅಲ್ಲಿಂದ ಕೈಗಳು ಮೇಲೇಳತೊಡಗಿದವು. "ಡಿಡ್ ಯು ವೆಂಟ್ ಟು ಡಾಕ್ಟರ್?" ಎಂದ ಒಬ್ಬ. ಚಾವಣಿ. ಅದೇ ಬೆಂಚಿನ ಇನ್ನೊಬ್ಬ ಅವನ ಅಂಗಿ ಜಗ್ಗಿ, "ವೆಂಟ್ ಅಲ್ವೋ, ಗೋ, ಗೋ" ಎಂದ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಆ ದಿನ ಟೀಚರಿಗೆ ಒಂದು ವಿಷಯ ಚುರುಕ್ಕೆಂದಿತು. ಇಷ್ಟು ವರ್ಷವೂ ಪ್ರಶ್ನೆಯನ್ನೆಲ್ಲ ತಾವೇ ಕೇಳುತ್ತ ಬಂದಿದ್ದರು. ಮಕ್ಕಳಿಗೆ ಉತ್ತರ ಹೇಳಿ ಗೊತ್ತಿತ್ತೇ ಹೊರತು ಕೇಳಿ ಗೊತ್ತಿರಲಿಲ್ಲ.

ದಿನಕ್ಕೊಂದು ಗುಟ್ಟು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಅವರಿಗೆ ರೂಢಿಯಾಯಿತು. ನಿನ್ನೆ ಬಸ್ಸಿನಲ್ಲಿ ಏನಾಯಿತು, ಚೀಲದಲ್ಲಿ ಏನಿದೆ, ಗಂಡನ ಮೇಲೆ ಯಾಕೆ ಸಿಟ್ಟು. ಮೂರು ವಾರ ಮುಗಿದು ದನಿ ಮರಳಿತು. ಅತ್ತೆ, "ಅಬ್ಬ, ಮನೆಗೆ ಜೀವ ಬಂತು" ಎಂದರು. ಕ್ಲಾಸಿನಲ್ಲಿ ಮಾತ್ರ ಮಕ್ಕಳಿಗೆ ನಿರಾಸೆ. "ಟೀಚರ್, ಇವತ್ತೊಂದಿನ ಗಂಟಲು ಹೋಗಲಿ" ಎಂದು ದಮ್ಮಯ್ಯಗುಡ್ಡೆ ಹಾಕಿದರು.

ಕಿಟಕಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಹೆಡ್‌ಮಿಸ್, ಹೇಳದೆ ಕೇಳದೆ ಅವರ ಹೆಸರನ್ನು ಇಂಗ್ಲಿಷ್ ಶಿಕ್ಷಕರ ಸಭೆಗೆ ಕೊಟ್ಟುಬಿಟ್ಟರು. ತಿಂಗಳ ಕೊನೆಯ ಶನಿವಾರ ಸುತ್ತಲಿನ ಶಾಲೆಗಳ ಇಂಗ್ಲಿಷ್ ಶಿಕ್ಷಕರು ತರಬೇತಿ ಕೇಂದ್ರದಲ್ಲಿ ಸೇರಿ, ಕ್ಲಾಸಿನಲ್ಲಿ ಫಲ ಕೊಟ್ಟ ಉಪಾಯಗಳನ್ನು ಹಂಚಿಕೊಳ್ಳುವ ಸಭೆ ಅದು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಟೀಚರ್ ಅಲ್ಲಿಗೆ ಹೋದಾಗಲೆಲ್ಲ ಕಿಟಕಿ ಪಕ್ಕದ ಕುರ್ಚಿ ಹಿಡಿದು, ಚಹಾ ಕುಡಿದು, ಸಹಿ ಹಾಕಿ ಬಂದವರೇ. ಅಲ್ಲಿ ವ್ಯಾಕರಣದ ಮೇಷ್ಟ್ರು ಎಂಬ ಹಿರಿಯರೊಬ್ಬರು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಮಾತಾಡುವವರ ಬಾಯಿಂದ ಒಂದು ಅಕ್ಷರ ಜಾರಿದರೂ ಅವರ ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬಿಗೆ ಹೆದರಿ ಎಷ್ಟೋ ಜನ ವೇದಿಕೆ ಹತ್ತುತ್ತಲೇ ಇರಲಿಲ್ಲ.

ಟೀಚರ್ ಒಂದು ವಾರ ಕೂತು ಎಂಟು ಪುಟ ಬರೆದರು. ಮಗಳು ಓದಿ, "ಅಮ್ಮ, ಇದನ್ನ ಓದ್ತಾ ನೀನೇ ನಿದ್ದೆ ಹೋಗ್ತೀಯ" ಎಂದಳು.

ಸಭೆಯ ದಿನ ಅವರ ಸರದಿ ಬಂದದ್ದು ಊಟವಾದ ಮೇಲೆ. ಅವರಿಗಿಂತ ಮೊದಲು ಮಾತಾಡಿದವರು ಪರದೆಯ ಮೇಲೆ ನಲವತ್ತು ಚಿತ್ರ ತೋರಿಸಿ ಸಭೆಯನ್ನು ಚೆನ್ನಾಗಿ ಮಲಗಿಸಿ ಹೋಗಿದ್ದರು. ಟೀಚರ್ ಮೇಜಿನ ಹಿಂದೆ ನಿಂತು ಮೊದಲ ಪುಟ ಓದಿದರು. ಮೂರನೇ ಸಾಲಿನಲ್ಲಿ ಒಬ್ಬರು ಮೊಬೈಲು ತೆಗೆದರು. ಎರಡನೇ ಪುಟಕ್ಕೆ ಇನ್ನೊಬ್ಬರ ತಲೆ ಎದೆಗೆ ವಾಲಿತು. ಟೀಚರ್ ನಿಂತುಬಿಟ್ಟರು. ಎಂಟೂ ಪುಟ ಮಡಚಿ ಚೀಲಕ್ಕೆ ತುರುಕಿ, ತುಟಿ ಬಿಗಿದು, ಬೋರ್ಡಿನ ಮೇಲೆ ಬರೆದರು: ಬೆಳಗ್ಗೆ ನನಗೊಂದು ಎಡವಟ್ಟಾಗಿದೆ, ಏನೆಂದು ಕೇಳಿ ಪತ್ತೆ ಮಾಡಿ.

"ಯಾಕೆ ಮೇಡಂ, ಮರ್ತುಹೋಯ್ತಾ?" ಎಂದರು ಸಂಚಾಲಕರು ಗಾಬರಿಯಿಂದ. ಟೀಚರ್ ಚಾವಣಿ ನೋಡಿದರು. ಅರವತ್ತು ಶಿಕ್ಷಕರು ಚಾವಣಿ ನೋಡಿದರು. ಮೊಬೈಲು ಹಿಡಿದವರೂ ನೋಡಿದರು.

"ಇಂಗ್ಲಿಷಲ್ಲಿ ಕೇಳ್ಬೇಕು ಅಂತ ಕಾಣುತ್ತೆ" ಎಂದು ಯಾರೋ ಗೊಣಗಿದರು. ಹಿಂದಿನ ಸಾಲಿನಿಂದ ಒಬ್ಬರು, "ಡಿಡ್ ಯು ಮಿಸ್ ದ ಬಸ್?" ಎಂದರು. ಅಲ್ಲ. "ಡಿಡ್ ಯು ಫೈಟ್ ವಿತ್ ಯುವರ್ ಹಸ್ಬೆಂಡ್?" ಟೀಚರ್ ಹೌದೆಂದು ತಲೆಯಾಡಿಸಿ, ಅದು ದಿನಾ ಇದ್ದದ್ದೇ ಎನ್ನುವಂತೆ ಕೈ ಬೀಸಿದರು. ಸಭೆ ಘೊಳ್ಳೆಂದಿತು. ಮಲಗಿದ್ದವರು ಎದ್ದು, ಏನು ವಿಷಯ ಎಂದು ಪಕ್ಕದವರನ್ನು ಕೇಳಿದರು. ಪ್ರಶ್ನೆಗಳು ಒಂದರ ಮೇಲೊಂದು ಬಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬಾಕೆ ನಿಧಾನವಾಗಿ, "ಈಸ್ ಇಟ್ ಆನ್ ಯುವರ್ ಫೀಟ್?" ಎಂದಳು. ಹೌದು. ಚಪ್ಪಲಿಯೇ, ಎಡಗಾಲಿನದೇ ಎಂದು ಮತ್ತಿಬ್ಬರು ಕೇಳಿದ್ದಕ್ಕೂ ಹೌದು.

ಆಗ ವ್ಯಾಕರಣದ ಮೇಷ್ಟ್ರಿಗೂ ತಡೆಯಲಾಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, "ಡಸ್ ದ ಲೆಫ್ಟ್ ಸ್ಯಾಂಡಲ್ ಬಿಲಾಂಗ್ಸ್ ಟು ಯು?" ಎಂದುಬಿಟ್ಟರು.

ಟೀಚರ್ ಇಕ್ಕಟ್ಟಿಗೆ ಸಿಕ್ಕಿದರು. ಹಿರಿಯರು, ಏನು ಮಾಡುವುದು? ಆದರೆ ಏಳನೇ ತರಗತಿಗೆ ಒಂದು ನ್ಯಾಯ, ಇವರಿಗೆ ಒಂದು ನ್ಯಾಯ ಎಂದರೆ ಆದೀತೇ? ಅವರು ಮೆಲ್ಲಗೆ ಚಾವಣಿ ನೋಡಿದರು.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಬಿಲಾಂಗ್. ಡಸ್ ಬಂದ ಮೇಲೆ ಎಸ್ ಯಾಕೆ ಬೇಕಿತ್ತೋ ನಂಗೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದನ್ನು ಅಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಟೀಚರ್ ಮೇಜಿನ ಹಿಂದಿನಿಂದ ಈಚೆ ಬಂದು, ಬೆಳಗ್ಗೆಯಿಂದ ಬಚ್ಚಿಟ್ಟುಕೊಂಡಿದ್ದ ಎರಡೂ ಪಾದ ತೋರಿಸಿದರು. ಬಲಗಾಲಿಗೆ ಅವರದೇ ಕಪ್ಪು ಚಪ್ಪಲಿ, ಎಡಗಾಲಿಗೆ ಮಗಳ ಕಂದು ಚಪ್ಪಲಿ. ಗಡಿಬಿಡಿಯಲ್ಲಿ ಮೆಟ್ಟಿಕೊಂಡು ಬಂದದ್ದು ಗೊತ್ತಾದದ್ದೇ ಬಸ್ಸಿನಲ್ಲಿ.

ಹತ್ತು ನಿಮಿಷ ಹೋಗಿ ಅರ್ಧ ಗಂಟೆ ಆಗಿತ್ತು. ಸಂಚಾಲಕರು ಗಡಿಯಾರ ನೋಡಿದರೂ ಬೆಲ್ಲು ಒತ್ತಲಿಲ್ಲ. ಆಮೇಲಷ್ಟೇ ಟೀಚರ್ ಬಾಯಿ ತೆರೆದು, ಗಂಟಲು ಕೈಕೊಟ್ಟ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಚಹಾದ ಹೊತ್ತಿಗೆ ಅವರ ಸುತ್ತ ಜನ. ಲೋಟದಲ್ಲಿದ್ದ ಚಹಾ ಆರಿ ತಣ್ಣಗಾಯಿತು. ಹೊಸ ಟೀಚರ್ ಪುಸ್ತಕ ಹಿಡಿದು, "ಮಕ್ಕಳು ಕೇಳ್ದೇ ಇದ್ರೆ ಎಷ್ಟೊತ್ತು ಕಾಯ್ಬೇಕು ಮೇಡಂ?" ಎಂದಳು. "ನಿಂಗೆ ತಡೆಯೋಕಾಗಲ್ಲ ಅನ್ಸುತ್ತಲ್ಲ, ಅದಾದ್ಮೇಲೂ ಸ್ವಲ್ಪ ಹೊತ್ತು ಕಾಯಿ" ಎಂದರು ಟೀಚರ್.

ಮುಂದಿನ ತಿಂಗಳು ಸಭೆಗೆ ಹೋದಾಗ ವ್ಯಾಕರಣದ ಮೇಷ್ಟ್ರು ಬಾಗಿಲಲ್ಲೇ ಸಿಕ್ಕಿದರು. ಒಂದು ಕೈ ಕುತ್ತಿಗೆಯ ಮೇಲಿತ್ತು.

"ಏನಾಯ್ತು ಸರ್?"

"ನಿಮ್ಮ ಉಪಾಯ ಮಾಡಿ ನೋಡ್ದೆ. ಒಂದೇ ಪೀರಿಯಡ್ಡಿಗೆ ಐವತ್ತು ಸಲ ಮೇಲೆ ನೋಡ್ಬೇಕಾಯ್ತು. ಮಕ್ಕಳಂತೂ ನಾಳೆನೂ ಬೇಕು ಅಂತ ಹಟ ಹಿಡಿದಿವೆ" ಎಂದು ನಗುತ್ತ ಅವರು ಒಳಗೆ ಕೈ ತೋರಿಸಿದರು. ಬೋರ್ಡಿನ ಮೇಲೆ ಆ ದಿನ ಮಾತಾಡುವವರ ಹನ್ನೊಂದು ಹೆಸರುಗಳಿದ್ದವು. ಹೊಸ ಟೀಚರ್ ಹೆಸರೇ ಎಲ್ಲಕ್ಕಿಂತ ಮೇಲಿತ್ತು. ಆಕೆ ಆಗಲೇ ಮೇಜಿನ ಬಳಿ ನಿಂತು, ಕೈಯಲ್ಲಿ ಸೀಮೆಸುಣ್ಣ ಹಿಡಿದಿದ್ದಳು. ಮೈಕ್ ಟೀಚರ್ ಮುಂದಿನ ಸಾಲಿಗೆ ಹೋಗಿ ಕುಳಿತು, ಮೊದಲ ಪ್ರಶ್ನೆ ಕೇಳಲು ಕೈ ಎತ್ತಿದರು.